ಬಾಹ್ಯ ಹಾರ್ಡ್‌ಡಿಸ್ಕ್: ಕೊಳ್ಳುವಾಗಿನ ಎಚ್ಚರ, ಕೆಟ್ಟಾಗಿನ ಸಂಯಮ

ಮೇಜಿನ ಅಂಚಿನಿಂದ ಜಾರಿ ನೆಲಕ್ಕೆ ಬಿದ್ದ ಬಾಹ್ಯ ಹಾರ್ಡ್‌ಡಿಸ್ಕ್ ಹೊರನೋಟಕ್ಕೆ ಏನೂ ಆಗದಂತೆಯೇ ಇರುತ್ತದೆ. ಪ್ಲಾಸ್ಟಿಕ್ ಹೊದಿಕೆ ಒಡೆದಿರುವುದಿಲ್ಲ, ದೀಪವೂ ಉರಿಯುತ್ತದೆ. ಆದರೆ ಗಣಕಯಂತ್ರಕ್ಕೆ ಜೋಡಿಸಿದೊಡನೆ ಒಳಗಿನಿಂದ ‘ಟಕ್ ಟಕ್’ ಎಂಬ ಸದ್ದು ಕೇಳಿಸತೊಡಗುತ್ತದೆ. ಗಾಬರಿಗೊಂಡ ಮನೆಯವರು ಕೇಬಲ್ ಕಿತ್ತು ಮತ್ತೆ ಸಿಕ್ಕಿಸುತ್ತಾರೆ. ಬೇರೊಂದು ಗಣಕಕ್ಕೆ ಜೋಡಿಸಿ ನೋಡುತ್ತಾರೆ. ಯಾವುದೋ ತಂತ್ರಾಂಶವನ್ನು ಇಳಿಸಿಕೊಂಡು ರಾತ್ರಿಯಿಡೀ ಓಡಿಸುತ್ತಾರೆ. ಸಕಾಲದಲ್ಲಿ ಪರಿಣತರ ಕೈಗೆ ಒಪ್ಪಿಸಿದ್ದರೆ ಉಳಿಯಬಹುದಾಗಿದ್ದ ಮದುವೆಯ ಛಾಯಾಚಿತ್ರಗಳು, ಅಗಲಿದ ಹಿರಿಯರ ಧ್ವನಿಮುದ್ರಣಗಳು, ವರ್ಷಗಟ್ಟಲೆ ದುಡಿದು ಬರೆದ ಪ್ರಬಂಧಗಳು ಬೆಳಗಾಗುವಷ್ಟರಲ್ಲಿ ಶಾಶ್ವತವಾಗಿ ಕೈತಪ್ಪಿರುತ್ತವೆ.

ದತ್ತಾಂಶ ನಷ್ಟವಾಗುವುದು ಯಂತ್ರ ಕೆಟ್ಟ ಕ್ಷಣದಲ್ಲಷ್ಟೇ ಅಲ್ಲ. ಎಷ್ಟೋ ಬಾರಿ ಆ ನಂತರದ ಕೆಲವು ಗಂಟೆಗಳಲ್ಲಿ ಮಾಡುವ ಆತುರದ ಪ್ರಯತ್ನಗಳೇ ಅದನ್ನು ಪೂರ್ತಿಗೊಳಿಸುತ್ತವೆ. ಆದ್ದರಿಂದ ಬಾಹ್ಯ ಹಾರ್ಡ್‌ಡಿಸ್ಕ್ ಕೊಳ್ಳುವವರು ಅದರ ಬೆಲೆ ಮತ್ತು ಸಾಮರ್ಥ್ಯಗಳನ್ನಷ್ಟೇ ಅಲ್ಲದೆ, ಅದು ಹೇಗೆ ಕೆಲಸ ಮಾಡುತ್ತದೆ, ಹೇಗೆ ಕೆಡುತ್ತದೆ ಎಂಬುದನ್ನೂ ಅರಿತಿರುವುದು ಒಳಿತು.

ಪೆಟ್ಟಿಗೆಯೊಳಗೆ ಏನಿದೆ?

1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ‘ರಾಮ್ಯಾಕ್’ ಗಣಕವ್ಯವಸ್ಥೆಯ ಡಿಸ್ಕ್ ಘಟಕದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅವೆಲ್ಲವೂ ಸೇರಿ ಹಿಡಿದಿಡುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದಿನ ಮೊಬೈಲ್ ದೂರವಾಣಿಯಲ್ಲಿ ತೆಗೆದ ಒಂದೆರಡು ಛಾಯಾಚಿತ್ರಗಳಿಗೇ ಆ ಜಾಗ ಮುಗಿದುಹೋಗುತ್ತದೆ. ಈಗ ಅಂಗಿಯ ಜೇಬಿನಲ್ಲಿ ಹಿಡಿಸುವ ಬಾಹ್ಯ ಹಾರ್ಡ್‌ಡಿಸ್ಕ್‌ಗಳು 6 ಟೆರಾಬೈಟ್‌ವರೆಗೆ ದತ್ತಾಂಶ ಹಿಡಿಯುತ್ತವೆ. ಗಾತ್ರ ಕುಗ್ಗಿದೆ, ಸಾಮರ್ಥ್ಯ ಹಿಗ್ಗಿದೆ. ಆದರೆ ಮೂಲ ತತ್ತ್ವ ಬದಲಾಗಿಲ್ಲ. ಕಾಂತೀಯ ಲೇಪನವಿರುವ ತಟ್ಟೆಗಳು ತಿರುಗುತ್ತಿರುತ್ತವೆ. ತೋಳಿನ ತುದಿಯಲ್ಲಿರುವ ಸೂಕ್ಷ್ಮ ‘ಹೆಡ್’ ಆ ತಟ್ಟೆಗಳ ಮೇಲೆ ಬರೆಯುತ್ತದೆ ಮತ್ತು ಓದುತ್ತದೆ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ದತ್ತಾಂಶವನ್ನು ಓದಲು ನೆರವಾದ ‘ದೈತ್ಯ ಕಾಂತರೋಧ’ ಪರಿಣಾಮವನ್ನು 1988ರಲ್ಲಿ ಕಂಡುಹಿಡಿದ ಆಲ್ಬರ್ಟ್ ಫೆರ್ ಮತ್ತು ಪೀಟರ್ ಗ್ರೂನ್‌ಬರ್ಗ್ ಅವರಿಗೆ 2007ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು.

ಸಾಮಾನ್ಯ ಬಾಹ್ಯ ಹಾರ್ಡ್‌ಡಿಸ್ಕ್‌ನ ತಟ್ಟೆ ನಿಮಿಷಕ್ಕೆ 5400 ಬಾರಿ, ಅಂದರೆ ಸೆಕೆಂಡಿಗೆ 90 ಬಾರಿ ತಿರುಗುತ್ತದೆ. ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ. ತಿರುಗುವಿಕೆಯಿಂದ ಉಂಟಾಗುವ ಗಾಳಿಯ ಪದರದ ಮೇಲೆ, ತಟ್ಟೆಯಿಂದ ಕೆಲವೇ ನ್ಯಾನೊಮೀಟರುಗಳಷ್ಟು ಎತ್ತರದಲ್ಲಿ ತೇಲುತ್ತಿರುತ್ತದೆ. ಮನುಷ್ಯನ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೊಮೀಟರು ಎಂಬುದನ್ನು ನೆನೆದರೆ ಈ ಅಂತರದ ಸೂಕ್ಷ್ಮತೆ ಅರ್ಥವಾದೀತು. ಕಣ್ಣಿಗೆ ಕಾಣದ ಧೂಳಿನ ಕಣವೂ ಹೆಡ್‌ನ ದಾರಿಯಲ್ಲಿ ಬಂಡೆಯೇ ಸರಿ. ಕೆಲಸ ಮಾಡುತ್ತಿರುವಾಗ ಡಿಸ್ಕ್ ಅಲುಗಿದರೆ ಅಥವಾ ಬಿದ್ದರೆ ಹೆಡ್ ತಟ್ಟೆಗೆ ತಾಗಿ ಗೀರು ಬೀಳುತ್ತದೆ. ಗೀರು ಬಿದ್ದೆಡೆ ಕಿತ್ತುಬರುವುದು ಕೇವಲ ಲೇಪನವಲ್ಲ, ಅದರಲ್ಲಿ ಬರೆದಿದ್ದ ದತ್ತಾಂಶವೂ ಹೌದು. ಹೀಗೆ ಎದ್ದ ಪುಡಿಯು ತಟ್ಟೆಯ ಉಳಿದ ಭಾಗಗಳಿಗೂ ಹರಡಿ ಹಾನಿಯನ್ನು ಹೆಚ್ಚಿಸುತ್ತದೆ.

ಕೊಳ್ಳುವ ಮುನ್ನ

ಮೊದಲು ನಿರ್ಧರಿಸಬೇಕಾದ ಸಂಗತಿ ತಿರುಗುವ ಹಾರ್ಡ್‌ಡಿಸ್ಕ್ ಬೇಕೋ, ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿ ಬೇಕೋ ಎಂಬುದು. ಎಸ್‌ಎಸ್‌ಡಿ ವೇಗವಾಗಿದೆ, ಹಗುರವಾಗಿದೆ, ಬಿದ್ದರೂ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ನಿತ್ಯ ಚೀಲದಲ್ಲಿ ಹೊತ್ತು ಓಡಾಡುವವರಿಗೆ, ವಿಡಿಯೋ ಸಂಕಲನ ಮಾಡುವವರಿಗೆ ಅದು ಸೂಕ್ತ. ಆದರೆ ಒಂದೊಂದು ಟೆರಾಬೈಟಿಗೆ ತೆರಬೇಕಾದ ಬೆಲೆ ತಿರುಗುವ ಡಿಸ್ಕ್‌ಗಿಂತ ಹೆಚ್ಚು. ಮತ್ತೊಂದು ಅಂಶವೂ ಗಮನಾರ್ಹ. ಎಸ್‌ಎಸ್‌ಡಿಯಲ್ಲಿ ದತ್ತಾಂಶ ಉಳಿಯುವುದು ವಿದ್ಯುದಾವೇಶದ ರೂಪದಲ್ಲಿ. ವಿದ್ಯುತ್ ಸಂಪರ್ಕವಿಲ್ಲದೆ ದೀರ್ಘಕಾಲ ಇಟ್ಟರೆ ಅದು ನಿಧಾನವಾಗಿ ಸೋರಿಹೋಗಬಲ್ಲದು. ಬರೆಯುವ ಆಯಸ್ಸನ್ನು ಪೂರ್ತಿ ಸವೆಸಿದ ನಂತರವೂ 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ, ವಿದ್ಯುತ್ ಇಲ್ಲದೆ ಒಂದು ವರ್ಷ ದತ್ತಾಂಶ ಉಳಿಯಬೇಕೆಂಬುದು ಸಾಮಾನ್ಯ ಬಳಕೆಯ ಎಸ್‌ಎಸ್‌ಡಿಗಳಿಗೆ ಜೆಡೆಕ್ ಮಾನಕ ಮಂಡಳಿ ವಿಧಿಸಿರುವ ಕನಿಷ್ಠ ಮಟ್ಟ. ಹೊಸ ಎಸ್‌ಎಸ್‌ಡಿ ಇದಕ್ಕಿಂತ ಬಹುಕಾಲ ಬಾಳುತ್ತದೆಯಾದರೂ, ತುಂಬಿಸಿ ಬೀರುವಿನಲ್ಲಿಟ್ಟು ಹತ್ತು ವರ್ಷ ಮರೆಯುವಂಥ ಸಾಧನ ಅದಲ್ಲ. ಹೆಚ್ಚು ದತ್ತಾಂಶವನ್ನು ಕಡಿಮೆ ಖರ್ಚಿನಲ್ಲಿ ಕೂಡಿಡಲು ತಿರುಗುವ ಡಿಸ್ಕ್ ಇಂದಿಗೂ ಯೋಗ್ಯ ಆಯ್ಕೆ.

ತಿರುಗುವ ಡಿಸ್ಕ್‌ಗಳಲ್ಲಿ ಎರಡು ಗಾತ್ರಗಳಿವೆ. 2.5 ಅಂಗುಲದ್ದು ಯುಎಸ್‌ಬಿ ಕೇಬಲ್‌ನಿಂದಲೇ ವಿದ್ಯುತ್ ಪಡೆಯುತ್ತದೆ. 3.5 ಅಂಗುಲದ್ದಕ್ಕೆ ಪ್ರತ್ಯೇಕ 12 ವೋಲ್ಟ್ ಅಡಾಪ್ಟರ್ ಬೇಕು. ಇದು ಮೇಜಿನ ಮೇಲೆ ಕದಲದೆ ಇರತಕ್ಕದ್ದು. ಅಡಾಪ್ಟರ್ ಬದಲಾದರೆ ಅಪಾಯವಿದೆ. ಮನೆಯಲ್ಲಿರುವ ಬೇರೆ ಯಾವುದೋ ಉಪಕರಣದ ಅಡಾಪ್ಟರನ್ನು ಪಿನ್ ಹೊಂದುತ್ತದೆಂಬ ಒಂದೇ ಕಾರಣಕ್ಕೆ ಸಿಕ್ಕಿಸಿ ಡಿಸ್ಕ್‌ನ ವಿದ್ಯುನ್ಮಂಡಲ ಸುಟ್ಟುಕೊಳ್ಳುವವರು ಅನೇಕರು. ಕೊಂಡ ದಿನವೇ ಅಡಾಪ್ಟರಿನ ಮೇಲೆ ಡಿಸ್ಕ್‌ನ ಹೆಸರು ಬರೆದ ಚೀಟಿ ಅಂಟಿಸುವುದು ಸರಳ ಪರಿಹಾರ.

ಒಂದು ಟೆರಾಬೈಟ್ ಡಿಸ್ಕ್ ಕೊಂಡು ತಂದವರು ಗಣಕದಲ್ಲಿ 931 ಗಿಗಾಬೈಟ್ ಮಾತ್ರ ಕಂಡು ಮೋಸವಾಯಿತೆಂದು ಭಾವಿಸುವುದುಂಟು. ಇಲ್ಲಿ ಮೋಸವಿಲ್ಲ, ಲೆಕ್ಕದ ವ್ಯತ್ಯಾಸವಿದೆ. ತಯಾರಕರು ಒಂದು ಟೆರಾಬೈಟ್ ಎಂದರೆ ಲಕ್ಷ ಕೋಟಿ ಬೈಟ್ ಎಂದು ದಶಮಾಂಶ ಪದ್ಧತಿಯಲ್ಲಿ ಎಣಿಸುತ್ತಾರೆ. ವಿಂಡೋಸ್ 1024ರ ಮಡಿಕೆಗಳಲ್ಲಿ ಎಣಿಸುತ್ತದೆ. ಹಾಗಾಗಿ 1 ಟೆರಾಬೈಟ್ 931 ಗಿಗಾಬೈಟಾಗಿಯೂ, 2 ಟೆರಾಬೈಟ್ 1.81 ಟೆರಾಬೈಟಾಗಿಯೂ ಕಾಣಿಸುತ್ತದೆ.

ವೇಗದ ವಿಷಯದಲ್ಲಿ ಪೆಟ್ಟಿಗೆಯ ಮೇಲಿನ ಸಂಖ್ಯೆಗಳನ್ನು ಕಂಡು ಮರುಳಾಗಬೇಕಿಲ್ಲ. 2008ರಲ್ಲಿ ಬಂದ ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ಸಾಗಿಸಬಲ್ಲದು. ತಿರುಗುವ ಡಿಸ್ಕ್ ಸೆಕೆಂಡಿಗೆ ನೂರು ಮೆಗಾಬೈಟಿನ ಆಸುಪಾಸಿನಲ್ಲಿ ಓದುವುದರಿಂದ ಅದಕ್ಕೆ ಈ ದಾರಿ ಧಾರಾಳವಾಗಿ ಸಾಕು. ಈ ವೇಗದಲ್ಲಿ ಒಂದು ಟೆರಾಬೈಟ್ ನಕಲಿಸಲು ಮೂರು ಗಂಟೆಗೆ ಸ್ವಲ್ಪ ಕಡಿಮೆ ಸಮಯ ಹಿಡಿಯುತ್ತದೆ. ಅದನ್ನೇ ಹಳೆಯ ಯುಎಸ್‌ಬಿ 2.0 ಕಿಂಡಿಗೆ ಸಿಕ್ಕಿಸಿದರೆ ಎಂಟು ಗಂಟೆಯೂ ಸಾಲದೆ ಹೋಗಬಹುದು. ಎಸ್‌ಎಸ್‌ಡಿ ಕೊಳ್ಳುವವರಿಗೆ ಮಾತ್ರ ಇದಕ್ಕೂ ವೇಗದ ಸಂಪರ್ಕಗಳಿಂದ ನಿಜವಾದ ಪ್ರಯೋಜನವಿದೆ.

ಇನ್ನೊಂದು ಸಂಗತಿಯನ್ನು ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಬರೆದಿರುವುದಿಲ್ಲ. ಹೆಚ್ಚು ಸಾಮರ್ಥ್ಯದ 2.5 ಅಂಗುಲದ ಡಿಸ್ಕ್‌ಗಳಲ್ಲಿ ಬಹುಪಾಲು ‘ಎಸ್‌ಎಂಆರ್’ ವಿಧಾನ ಬಳಸುತ್ತವೆ. ಮಾಡಿಗೆ ಹೊದಿಸಿದ ಹೆಂಚುಗಳಂತೆ ದತ್ತಾಂಶದ ಪಥಗಳು ಒಂದರ ಅಂಚಿನ ಮೇಲೊಂದು ಕುಳಿತಿರುತ್ತವೆ. ನಡುವಿನ ಒಂದು ಹೆಂಚು ಬದಲಿಸಲು ಅದರ ಮೇಲಿನವನ್ನೂ ತೆಗೆದು ಮತ್ತೆ ಹೊದಿಸಬೇಕಾದಂತೆ, ಒಂದು ಪಥ ತಿದ್ದಲು ಪಕ್ಕದ ಹಲವು ಪಥಗಳನ್ನು ಮತ್ತೆ ಬರೆಯಬೇಕಾಗುತ್ತದೆ. ಛಾಯಾಚಿತ್ರಗಳನ್ನು ಒಮ್ಮೆ ತುಂಬಿಸಿ ಇಡುವವರಿಗೆ ಇದರಿಂದ ತೊಂದರೆಯಿಲ್ಲ. ಪ್ರತಿದಿನ ಬರೆದು ಅಳಿಸಿ ಮಾಡುವವರಿಗೆ ಡಿಸ್ಕ್ ಮಂದವಾದಂತೆ ತೋರುವುದು ಇದರಿಂದಲೇ.

ಖಾತರಿಯ ವಿಷಯದಲ್ಲಿ ಹಲವರಿಗೆ ತಪ್ಪು ಕಲ್ಪನೆಯಿದೆ. ಮೂರು ವರ್ಷದ ಖಾತರಿ ಎಂದರೆ ಕೆಟ್ಟ ಡಿಸ್ಕ್‌ಗೆ ಬದಲಿ ಡಿಸ್ಕ್ ಕೊಡುವ ಭರವಸೆಯೇ ಹೊರತು ಅದರಲ್ಲಿದ್ದ ದತ್ತಾಂಶಕ್ಕೆ ಹೊಣೆಯಲ್ಲ. ಬದಲಿ ಪಡೆಯಲು ಹಳೆಯದನ್ನು ಒಪ್ಪಿಸಬೇಕು; ಒಪ್ಪಿಸಿದರೆ ದತ್ತಾಂಶವನ್ನೂ ಒಪ್ಪಿಸಿದಂತೆಯೇ. ಕೆಲವು ತಯಾರಕರು ಕೆಲವು ಮಾದರಿಗಳೊಡನೆ ದತ್ತಾಂಶ ಮರಳಿ ಪಡೆಯುವ ಸೇವೆಯನ್ನೂ ಸೇರಿಸಿ ಕೊಡುತ್ತಾರೆ. ಬೆಲೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ ಅಂಥ ಮಾದರಿಯನ್ನು ಆರಿಸಿಕೊಳ್ಳುವುದು ಲಾಭಕರ.

ನಕಲಿ ಸರಕಿನ ಹಾವಳಿ

ತಿರುಗುವ ಹಾರ್ಡ್‌ಡಿಸ್ಕ್ ತಯಾರಿಸುವ ಕಂಪನಿಗಳು ಇಂದು ಜಗತ್ತಿನಲ್ಲಿ ಮೂರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮತ್ತು ತೊಷಿಬಾ. ಬೇರೆ ಹೆಸರಿನ ಬಾಹ್ಯ ಡಿಸ್ಕ್‌ಗಳ ಹೊದಿಕೆಯೊಳಗೂ ಇರುವುದು ಈ ಮೂವರಲ್ಲಿ ಒಬ್ಬರ ಡಿಸ್ಕ್. ಆದ್ದರಿಂದ ಯಾರೂ ಕೇಳರಿಯದ ಹೆಸರಿನಲ್ಲಿ 16 ಟೆರಾಬೈಟ್ ಎಂದು ಬರೆದು, ಹೋಟೆಲಿನ ಒಂದು ಊಟದ ಬೆಲೆಗೆ ಮಾರುವ ಪುಟ್ಟ ‘ಎಸ್‌ಎಸ್‌ಡಿ’ಗಳನ್ನು ಕಂಡಾಗ ಎಚ್ಚರ ವಹಿಸಬೇಕು. ಇಂಥವನ್ನು ಬಿಚ್ಚಿ ನೋಡಿದಾಗ ಒಳಗೆ ಮೊಬೈಲಿನ ಪುಟ್ಟ ಮೆಮೊರಿ ಕಾರ್ಡ್ ಅಂಟಿಸಿರುವುದು ಪತ್ತೆಯಾಗಿದೆ. ಸುಳ್ಳು ಸಾಮರ್ಥ್ಯವನ್ನು ಹೇಳುವಂತೆ ಅದರ ನಿಯಂತ್ರಕವನ್ನು ತಿದ್ದಿರುತ್ತಾರೆ. ಬಳಕೆದಾರ ಕಡತಗಳನ್ನು ತುಂಬಿಸುತ್ತಾ ಹೋದಂತೆ ಹೆಸರುಗಳೇನೋ ಪಟ್ಟಿಯಲ್ಲಿ ಕಾಣಿಸುತ್ತವೆ. ನಿಜವಾದ ಜಾಗ ಮುಗಿದ ಮೇಲೆ ಬರೆದದ್ದೆಲ್ಲ ಹಳೆಯದನ್ನು ಅಳಿಸುತ್ತದೆ ಅಥವಾ ಎಲ್ಲಿಯೂ ಉಳಿಯುವುದಿಲ್ಲ. ತೆರೆಯಲು ಹೊರಟಾಗಲೇ ವಿಷಯ ಬಯಲಾಗುವುದು. ಇಂಥ ದತ್ತಾಂಶವನ್ನು ಯಾವ ಪ್ರಯೋಗಾಲಯವೂ ಮರಳಿ ತರಲಾರದು, ಏಕೆಂದರೆ ಅದು ಬರೆಯಲ್ಪಟ್ಟೇ ಇರುವುದಿಲ್ಲ.

ಹೆಸರಾಂತ ಕಂಪನಿಗಳ ಸರಕಿನಲ್ಲೂ ಕಣ್ಣಿಡಬೇಕಾದ ಕಾಲವಿದು. 2025ರ ಆರಂಭದಲ್ಲಿ, ದತ್ತಾಂಶ ಕೇಂದ್ರಗಳಲ್ಲಿ ಸಾವಿರಾರು ಗಂಟೆ ದುಡಿದ ಸೀಗೇಟ್ ಡಿಸ್ಕ್‌ಗಳನ್ನು ಅವುಗಳ ಬಳಕೆಯ ದಾಖಲೆ ಅಳಿಸಿ ಹೊಸದೆಂದು ಮಾರುತ್ತಿದ್ದ ಜಾಲ ಜರ್ಮನಿಯಲ್ಲಿ ಮೊದಲು ಬೆಳಕಿಗೆ ಬಂತು. ವಂಚಕರು ಸಾಮಾನ್ಯ ದಾಖಲೆಯನ್ನು ಶೂನ್ಯಗೊಳಿಸಿದ್ದರೂ, ತಯಾರಕರು ಪ್ರತ್ಯೇಕವಾಗಿ ಇರಿಸುವ ‘ಫಾರ್ಮ್’ ಎಂಬ ಒಳದಾಖಲೆ ನಿಜವನ್ನು ಹೇಳಿತು.

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ, ಜಾಲತಾಣದಲ್ಲಾಗಲಿ ಕೊಳ್ಳುವವರು ಕೆಲವು ಕ್ರಮಗಳನ್ನು ಅನುಸರಿಸಬಹುದು. ಸರಣಿ ಸಂಖ್ಯೆ ನಮೂದಾಗಿರುವ ಬಿಲ್ ಪಡೆಯಬೇಕು. ಪೆಟ್ಟಿಗೆಯ ಮೇಲೆ ಗರಿಷ್ಠ ಮಾರಾಟ ಬೆಲೆ, ಆಮದುದಾರರ ಹೆಸರು, ಬಿಐಎಸ್ ನೋಂದಣಿ ಗುರುತು ಇವೆಯೇ ಎಂದು ನೋಡಬೇಕು. ಸರಣಿ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ನಮೂದಿಸಿ ಖಾತರಿ ಎಂದಿನವರೆಗಿದೆ ಎಂದು ಪರೀಕ್ಷಿಸಬೇಕು. ಮನೆಗೆ ತಂದೊಡನೆ, ಮುಖ್ಯ ಕಡತಗಳನ್ನು ಹಾಕುವ ಮೊದಲೇ, ‘ಎಚ್2ಟೆಸ್ಟ್‌ಡಬ್ಲ್ಯೂ’ ಅಥವಾ ‘ಎಫ್3’ ಎಂಬ ಉಚಿತ ತಂತ್ರಾಂಶದಿಂದ ಡಿಸ್ಕ್ ಪೂರ್ತಿ ತುಂಬುವಂತೆ ಬರೆದು ಓದಿಸಿ ನೋಡಬೇಕು. ಗಂಟೆಗಳೇ ಹಿಡಿದರೂ ಸಾಮರ್ಥ್ಯ ನಿಜವೋ ಸುಳ್ಳೋ ಎಂಬುದು ಇದರಿಂದ ಖಚಿತವಾಗುತ್ತದೆ. ತಯಾರಿಕೆಯ ದೋಷವಿದ್ದರೆ ಹಿಂದಿರುಗಿಸುವ ಅವಧಿಯೊಳಗೇ ತಿಳಿದುಬರುತ್ತದೆ. ವಂಚನೆಯಾದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಸಲ್ಲಿಸಬಹುದು.

ಮುನ್ಸೂಚನೆ ಇರುತ್ತದೆಯೇ?

ಪ್ರತಿ ಡಿಸ್ಕ್ ತನ್ನ ಆರೋಗ್ಯದ ದಿನಚರಿಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ‘ಸ್ಮಾರ್ಟ್’ ಎಂದು ಕರೆಯಲಾಗುವ ಈ ದಾಖಲೆಯನ್ನು ‘ಕ್ರಿಸ್ಟಲ್‌ಡಿಸ್ಕ್‌ಇನ್ಫೋ’ದಂಥ ಉಚಿತ ತಂತ್ರಾಂಶದಿಂದ ಓದಬಹುದು. ಅದರಲ್ಲಿ ಮುಖ್ಯವಾಗಿ ಮೂರು ಸಾಲುಗಳನ್ನು ಗಮನಿಸಬೇಕು: ಕೆಟ್ಟ ಜಾಗದಿಂದ ಬೇರೆಡೆಗೆ ವರ್ಗಾಯಿಸಿದ ಸೆಕ್ಟರ್‌ಗಳ ಸಂಖ್ಯೆ, ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಂಖ್ಯೆ ಮತ್ತು ಸರಿಪಡಿಸಲಾಗದ ಸೆಕ್ಟರ್‌ಗಳ ಸಂಖ್ಯೆ. ಇವು ಶೂನ್ಯವಾಗಿದ್ದರೆ ನೆಮ್ಮದಿ. ಏರುತ್ತಿದ್ದರೆ ಆ ದಿನವೇ ದತ್ತಾಂಶವನ್ನು ಬೇರೆಡೆಗೆ ನಕಲಿಸಬೇಕು.

ಆದರೆ ಈ ದಿನಚರಿಯೊಂದನ್ನೇ ನಂಬಿ ಕೂರುವಂತಿಲ್ಲ. ಗೂಗಲ್ ಸಂಸ್ಥೆ ತನ್ನ ಕೇಂದ್ರಗಳಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ವರದಿ ಎರಡು ಸಂಗತಿಗಳನ್ನು ತಿಳಿಸಿತು. ಮೊದಲನೆಯದು, ಪರೀಕ್ಷೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳೊಳಗೆ ಕೆಡುವ ಸಂಭವ, ದೋಷ ಕಾಣದ ಡಿಸ್ಕ್‌ಗಿಂತ 39 ಪಟ್ಟು ಹೆಚ್ಚು. ಎರಡನೆಯದು, ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚಕಗಳಲ್ಲಿ ಯಾವುದೊಂದರಲ್ಲೂ ಸುಳಿವು ನೀಡಿರಲಿಲ್ಲ. ಸೂಚನೆ ಬಂದರೆ ನಂಬಬೇಕು, ಬಾರದಿದ್ದರೆ ನಿಶ್ಚಿಂತೆಯಿಂದ ಇರಬಾರದು ಎಂಬುದೇ ಇದರ ತಾತ್ಪರ್ಯ.

ಕೆಟ್ಟಾಗ ಮೊದಲು ರೋಗನಿರ್ಣಯ

ಡಿಸ್ಕ್ ಕೆಟ್ಟಿತೆಂದು ತೋರಿದಾಗ ಮೊದಲು ಕಿವಿಗೊಟ್ಟು ಆಲಿಸಬೇಕು. ‘ಟಕ್ ಟಕ್’ ಎಂಬ ಲಯಬದ್ಧ ಸದ್ದು ಬರುತ್ತಿದ್ದರೆ ಹೆಡ್ ತನ್ನ ದಾರಿ ಕಂಡುಕೊಳ್ಳಲಾಗದೆ ಮತ್ತೆ ಮತ್ತೆ ಹಿಂದಿರುಗುತ್ತಿದೆ ಎಂದರ್ಥ. ಸಣ್ಣಗೆ ‘ಬೀಪ್’ ಎನ್ನುತ್ತಿದ್ದರೆ ಹೆಡ್ ತಟ್ಟೆಗೆ ಅಂಟಿಕೊಂಡಿರಬಹುದು ಅಥವಾ ಮೋಟಾರು ಸಿಕ್ಕಿಬಿದ್ದಿರಬಹುದು. ಉಜ್ಜಿದಂಥ ಸದ್ದು ಬಂದರೆ ತಟ್ಟೆಗೆ ಗೀರು ಬೀಳುತ್ತಿದೆ. ಈ ಮೂರರಲ್ಲಿ ಯಾವುದೇ ಆದರೂ ಮಾಡಬೇಕಾದುದು ಒಂದೇ: ತಕ್ಷಣ ಸಂಪರ್ಕ ಕಡಿದು ಮತ್ತೆ ಜೋಡಿಸದಿರುವುದು. ಯಾಂತ್ರಿಕ ಹಾನಿಯನ್ನು ಯಾವ ತಂತ್ರಾಂಶವೂ ಸರಿಪಡಿಸಲಾರದು; ಪ್ರತಿ ಬಾರಿ ಚಾಲೂ ಮಾಡಿದಾಗಲೂ ಉಳಿದಿರುವುದರಲ್ಲಿ ಒಂದಷ್ಟು ನಾಶವಾಗುತ್ತದೆ.

ಅಸಹಜ ಸದ್ದಿಲ್ಲ, ಆದರೆ ಗಣಕ ಡಿಸ್ಕ್ ಅನ್ನು ಗುರುತಿಸುತ್ತಿಲ್ಲ ಎಂದಾದರೆ ದೋಷ ಕೇಬಲ್‌ನಲ್ಲೇ ಇರಬಹುದು. ಬೇರೊಂದು ಒಳ್ಳೆಯ ಕೇಬಲ್ ಹಾಕಿ, ಹಬ್ ಮೂಲಕವಲ್ಲದೆ ನೇರವಾಗಿ ಗಣಕದ ಮತ್ತೊಂದು ಕಿಂಡಿಗೆ ಜೋಡಿಸಿ ಒಮ್ಮೆ ನೋಡಬಹುದು. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದು ಕಾಣಿಸಿಕೊಂಡು ‘ಇನಿಶಿಯಲೈಸ್’ ಮಾಡಬೇಕೇ ಅಥವಾ ‘ಫಾರ್ಮ್ಯಾಟ್’ ಮಾಡಬೇಕೇ ಎಂದು ಕೇಳಿದರೆ ಬೇಡವೆಂದೇ ಉತ್ತರಿಸಬೇಕು. ಸಹಾಯ ಮಾಡುವಂತೆ ಕಾಣುವ ಆ ಪ್ರಶ್ನೆಗೆ ಹೌದೆಂದ ಮರುಕ್ಷಣ ಹೊಸ ಕಡತಪಟ್ಟಿ ಹಳೆಯದರ ಮೇಲೆ ಬರೆಯಲ್ಪಡುತ್ತದೆ. ‘ಚೆಕ್‌ಡಿಸ್ಕ್’ ಆದೇಶವೂ ಅಷ್ಟೇ ಅಪಾಯಕಾರಿ. ಅದರ ಕೆಲಸ ಕಡತವ್ಯವಸ್ಥೆಯನ್ನು ಕ್ರಮಬದ್ಧಗೊಳಿಸುವುದೇ ಹೊರತು ಕಡತಗಳನ್ನು ಉಳಿಸುವುದಲ್ಲ. ಕ್ರಮಕ್ಕೆ ಹೊಂದದ್ದನ್ನು ಅದು ನಿರ್ದಾಕ್ಷಿಣ್ಯವಾಗಿ ಕತ್ತರಿಸುತ್ತದೆ.

ಡಿಸ್ಕ್ ತೆರೆಯುತ್ತದೆ, ಆದರೆ ತೀರಾ ನಿಧಾನವಾಗಿದೆ, ನಡುನಡುವೆ ಸ್ತಬ್ಧವಾಗುತ್ತದೆ ಎಂದಾದರೆ ಓದಲಾಗದ ಸೆಕ್ಟರ್‌ಗಳು ಹೆಚ್ಚುತ್ತಿವೆ. ಅಂಥ ಡಿಸ್ಕ್‌ನ ಮೇಲೆ ನೇರವಾಗಿ ಹುಡುಕಾಟ ನಡೆಸಬಾರದು. ಮೊದಲು ಅದರ ಪೂರ್ಣ ಪ್ರತಿಬಿಂಬವನ್ನು ಅಷ್ಟೇ ಅಥವಾ ಹೆಚ್ಚು ಸಾಮರ್ಥ್ಯದ ಇನ್ನೊಂದು ಡಿಸ್ಕ್‌ಗೆ ಇಳಿಸಿಕೊಳ್ಳಬೇಕು. ಲಿನಕ್ಸ್‌ನಲ್ಲಿ ಓಡುವ ‘ಜಿಎನ್‌ಯು ಡಿಡಿರೆಸ್ಕ್ಯೂ’ ಇದಕ್ಕೆ ಹೆಸರಾದ ಉಚಿತ ಸಾಧನ. ಅದು ಸುಲಭವಾಗಿ ಓದಬಹುದಾದ ಭಾಗಗಳನ್ನು ಮೊದಲು ನಕಲಿಸಿ, ಹಠ ಹಿಡಿದ ಭಾಗಗಳನ್ನು ಕೊನೆಗೆ ಬಿಡುತ್ತದೆ. ನಡುವೆ ನಿಂತರೂ ನಿಂತಲ್ಲಿಂದ ಮುಂದುವರಿಯುತ್ತದೆ. ಆ ಬಳಿಕದ ಪ್ರಯೋಗಗಳೆಲ್ಲ ಪ್ರತಿಬಿಂಬದ ಮೇಲೆಯೇ ನಡೆಯಬೇಕು. ದತ್ತಾಂಶಕ್ಕೆ ಬೆಲೆ ಕಟ್ಟಲಾಗದು ಎಂಬಂತಿದ್ದರೆ ಈ ಹಂತದಲ್ಲೇ ಪರಿಣತರನ್ನು ಕಾಣುವುದು ಉತ್ತಮ.

ಅಳಿಸಿದ ಕಡತಗಳ ಮಾತು ಬೇರೆ

ಡಿಸ್ಕ್ ಆರೋಗ್ಯವಾಗಿದ್ದು ಕೈತಪ್ಪಿನಿಂದ ಕಡತ ಅಳಿಸಿಹೋಗಿದ್ದರೆ ಮನೆಯಲ್ಲೇ ಪ್ರಯತ್ನಿಸಲು ಅವಕಾಶವಿದೆ. ಅಳಿಸು ಎಂದಾಗ ಕಾರ್ಯಾಚರಣ ವ್ಯವಸ್ಥೆ ದತ್ತಾಂಶವನ್ನು ಒರೆಸುವುದಿಲ್ಲ. ಗ್ರಂಥಾಲಯದ ಸೂಚಿಯಿಂದ ಪುಸ್ತಕದ ಚೀಟಿಯನ್ನು ಕಿತ್ತುಹಾಕಿದಂತೆ, ಆ ಜಾಗ ಖಾಲಿಯಿದೆ ಎಂದು ಗುರುತಿಸುತ್ತದೆ ಅಷ್ಟೇ. ಪುಸ್ತಕ ಕಪಾಟಿನಲ್ಲೇ ಇರುತ್ತದೆ, ಆ ಜಾಗದಲ್ಲಿ ಬೇರೊಂದನ್ನು ಇಡುವವರೆಗೆ. ಆದ್ದರಿಂದ ಅಳಿಸಿದ್ದು ತಿಳಿದ ಕೂಡಲೇ ಆ ಡಿಸ್ಕ್‌ಗೆ ಏನನ್ನೂ ಬರೆಯಬಾರದು. ಮರುಪಡೆಯುವ ತಂತ್ರಾಂಶವನ್ನೂ ಅದರಲ್ಲಿ ಅನುಸ್ಥಾಪಿಸಬಾರದು, ಮರಳಿ ಬಂದ ಕಡತಗಳನ್ನೂ ಅದಕ್ಕೇ ಉಳಿಸಬಾರದು.

‘ಟೆಸ್ಟ್‌ಡಿಸ್ಕ್’ ಮತ್ತು ‘ಫೋಟೋರೆಕ್’ ಎಂಬ ಜೋಡಿ ತಂತ್ರಾಂಶಗಳು ಮುಕ್ತವೂ ಉಚಿತವೂ ಆಗಿವೆ. ಮೊದಲನೆಯದು ಕಳೆದುಹೋದ ವಿಭಾಗಗಳನ್ನು ಪತ್ತೆಹಚ್ಚುತ್ತದೆ. ಎರಡನೆಯದು ಸೂಚಿಯನ್ನು ಲೆಕ್ಕಿಸದೆ ಡಿಸ್ಕ್‌ನುದ್ದಕ್ಕೂ ಓದುತ್ತಾ, ಪ್ರತಿ ಬಗೆಯ ಕಡತದ ಆರಂಭದಲ್ಲಿರುವ ವಿಶಿಷ್ಟ ಗುರುತಿನಿಂದ ಅದನ್ನು ಹೆಕ್ಕಿ ತೆಗೆಯುತ್ತದೆ. ಹೀಗೆ ಬಂದ ಕಡತಗಳಿಗೆ ಹಳೆಯ ಹೆಸರೂ ಇರುವುದಿಲ್ಲ, ಫೋಲ್ಡರೂ ಇರುವುದಿಲ್ಲ. ಸಾವಿರಾರು ಛಾಯಾಚಿತ್ರಗಳನ್ನು ಒಂದೊಂದಾಗಿ ಗುರುತಿಸಿ ಜೋಡಿಸುವ ತಾಳ್ಮೆ ಬೇಕು. ಕನ್ನಡ ಬಳಕೆದಾರರು ಗಮನಿಸಬೇಕಾದ ಅಂಶವೊಂದಿದೆ. ಯೂನಿಕೋಡ್ ಪೂರ್ವದ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬರೆದ ಹಳೆಯ ದಾಖಲೆಗಳು ಮರಳಿ ಬಂದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳಂತೆ ತೋರಬಹುದು. ಕಡತ ಹಾಳಾಗಿದೆಯೆಂದು ಅದನ್ನು ಎಸೆಯಬಾರದು. ಆ ಅಕ್ಷರಶೈಲಿಯನ್ನು ಗಣಕಕ್ಕೆ ಅಳವಡಿಸಿದರೆ ಬರಹ ಮತ್ತೆ ಕನ್ನಡವಾಗಿ ಕಾಣಿಸಿಕೊಳ್ಳುತ್ತದೆ.

ಎಸ್‌ಎಸ್‌ಡಿಗಳಲ್ಲಿ ಈ ಅವಕಾಶ ಕಡಿಮೆ. ‘ಟ್ರಿಮ್’ ಎಂಬ ಆದೇಶದ ಮೂಲಕ ಖಾಲಿಯಾದ ಜಾಗವನ್ನು ಸಾಧನವೇ ಹಿನ್ನೆಲೆಯಲ್ಲಿ ಒರೆಸಿಬಿಡುತ್ತದೆ. ಅಳಿಸಿದ ಕೆಲವೇ ಕ್ಷಣಗಳಲ್ಲಿ ಮರುಪಡೆಯುವಿಕೆ ಅಸಾಧ್ಯವಾಗಬಹುದು. ಎಸ್‌ಎಂಆರ್ ವಿಧಾನದ ಕೆಲವು ತಿರುಗುವ ಡಿಸ್ಕ್‌ಗಳಿಗೂ ಈ ಮಾತು ಅನ್ವಯಿಸುತ್ತದೆ.

ಮನೆಮದ್ದುಗಳ ಅಪಾಯ

ಡಿಸ್ಕ್ ಅನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್‌ನ ಹಿಮಪೆಟ್ಟಿಗೆಯಲ್ಲಿ ಇಟ್ಟರೆ ಸರಿಹೋಗುತ್ತದೆಂಬ ನಂಬಿಕೆ ಹಿಂದಿನಿಂದ ಹರಿದುಬಂದಿದೆ. ತಣ್ಣಗಾದ ತಟ್ಟೆ ಹೊರಬಂದೊಡನೆ ಅದರ ಮೇಲೆ ತೇವ ಕೂರುತ್ತದೆ. ತೇವದ ಮೇಲೆ ಹೆಡ್ ಹಾರುವುದು ಸಾಧ್ಯವಿಲ್ಲ. ತಟ್ಟಿ, ಕುಟ್ಟಿ ಎಬ್ಬಿಸುವ ಪ್ರಯತ್ನವೂ ಹಾನಿಕರ. ಮನೆಯ ಕೋಣೆಯಲ್ಲಿ ತಿರುಪು ಬಿಚ್ಚಿ ಮುಚ್ಚಳ ತೆರೆಯುವುದಂತೂ ಎಲ್ಲಕ್ಕಿಂತ ಘೋರ. ಅದೇ ಮಾದರಿಯ ಇನ್ನೊಂದು ಡಿಸ್ಕ್ ಕೊಂಡು ಅದರ ವಿದ್ಯುತ್ ಫಲಕವನ್ನು ಬದಲಾಯಿಸುವ ಉಪಾಯ ಹಳೆಯ ಡಿಸ್ಕ್‌ಗಳಲ್ಲಿ ಫಲಿಸುತ್ತಿತ್ತು. ಈಗ ಪ್ರತಿ ಡಿಸ್ಕ್‌ನ ಹೆಡ್ ಮತ್ತು ತಟ್ಟೆಗಳಿಗೆ ಹೊಂದಿಸಿದ ವಿಶಿಷ್ಟ ಮೌಲ್ಯಗಳು ಆ ಫಲಕದ ಚಿಪ್‌ನಲ್ಲಿರುವುದರಿಂದ, ಆ ಚಿಪ್ಪನ್ನೂ ವರ್ಗಾಯಿಸದೆ ಫಲಕ ಬದಲಿಸಿ ಪ್ರಯೋಜನವಿಲ್ಲ.

ಹೊದಿಕೆ ಬಿಚ್ಚಿ ಒಳಗಿನ ಡಿಸ್ಕ್ ಅನ್ನು ನೇರವಾಗಿ ಗಣಕಕ್ಕೆ ಜೋಡಿಸುವ ದಾರಿಯೂ ಎಲ್ಲ ಕಾಲಕ್ಕೂ ಸಾಧ್ಯವಿಲ್ಲ. ಅನೇಕ 2.5 ಅಂಗುಲದ ಬಾಹ್ಯ ಡಿಸ್ಕ್‌ಗಳಲ್ಲಿ ಯುಎಸ್‌ಬಿ ಕಿಂಡಿಯನ್ನು ಡಿಸ್ಕ್‌ನ ಫಲಕಕ್ಕೇ ಬೆಸೆದಿರುತ್ತಾರೆ. ಕೆಲವು ಮಾದರಿಗಳಲ್ಲಿ ಬಳಕೆದಾರ ಗುಪ್ತಪದ ಇಡದಿದ್ದರೂ ದತ್ತಾಂಶ ಗೂಢಲಿಪಿಯಲ್ಲೇ ಇರುತ್ತದೆ; ಅದನ್ನು ಬಿಡಿಸುವ ಚಿಪ್ ಇಲ್ಲದೆ ಓದಲಾಗದು. ಆದ್ದರಿಂದ ಪ್ರಯೋಗಾಲಯಕ್ಕೆ ಒಯ್ಯುವಾಗ ಹೊದಿಕೆ, ಫಲಕ, ಕೇಬಲ್ ಎಲ್ಲವನ್ನೂ ಜೊತೆಗೇ ಒಯ್ಯಬೇಕು.

2018ರಲ್ಲಿ ಕೊಡಗು, 2019ರಲ್ಲಿ ಉತ್ತರ ಕರ್ನಾಟಕ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬಡಾವಣೆಗಳು ನೀರಿನಲ್ಲಿ ಮುಳುಗಿದವು. ಇಂಥ ಸಂದರ್ಭದಲ್ಲಿ ನೀರು ಹೊಕ್ಕ ಡಿಸ್ಕ್ ಅನ್ನು ಬಿಸಿಲಿಗಿಡುವುದು, ಅಕ್ಕಿಯ ಡಬ್ಬಿಯಲ್ಲಿ ಹೂಳುವುದು ಸಲ್ಲದು. ನೀರು ಆರಿದಂತೆ ಅದರಲ್ಲಿದ್ದ ಮಣ್ಣು, ಲವಣ ತಟ್ಟೆಗೆ ಗಟ್ಟಿಯಾಗಿ ಅಂಟುತ್ತವೆ. ಒಣಗಿಸದೆ, ಚಾಲೂ ಮಾಡದೆ, ತೇವ ಆರದಂತೆ ಬಿಗಿಯಾದ ಚೀಲದಲ್ಲಿಟ್ಟು ಆದಷ್ಟು ಬೇಗ ಪರಿಣತರಿಗೆ ತಲುಪಿಸುವುದೇ ಸರಿಯಾದ ಕ್ರಮ.

ಪ್ರಯೋಗಾಲಯದಲ್ಲಿ ನಡೆಯುವುದೇನು?

ಮುಚ್ಚಳ ತೆರೆಯಬೇಕಾದ ಕೆಲಸಗಳು ‘ಕ್ಲಾಸ್ 100’ ಮಟ್ಟದ ಶುದ್ಧ ಕೊಠಡಿ ಅಥವಾ ಶುದ್ಧ ಗಾಳಿಯ ಮೇಜಿನ ಮೇಲೆ ನಡೆಯುತ್ತವೆ. ಅಂದರೆ ಅಲ್ಲಿನ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣಗಳು 100ನ್ನು ಮೀರಿರಬಾರದು. ತಂತ್ರಜ್ಞರು ಅದೇ ಮಾದರಿಯ, ಸಾಧ್ಯವಾದಷ್ಟು ಅದೇ ಕಾಲದ ಮತ್ತೊಂದು ಡಿಸ್ಕ್ ಹುಡುಕಿ ಅದರ ಹೆಡ್‌ಗಳನ್ನು ಕಸಿ ಮಾಡುತ್ತಾರೆ. ಹೀಗೆ ಕಸಿಯಾದ ಡಿಸ್ಕ್ ಬಹುಕಾಲ ಬಾಳುವುದಿಲ್ಲ. ಅಷ್ಟರೊಳಗೆ ವಿಶೇಷ ಯಂತ್ರಗಳ ನೆರವಿನಿಂದ ದತ್ತಾಂಶವನ್ನು ಬೇರೆಡೆಗೆ ಇಳಿಸಿಕೊಳ್ಳಬೇಕು. ಖರ್ಚು ಹೊಸ ಡಿಸ್ಕ್‌ನ ಬೆಲೆಗಿಂತ ಹಲವು ಪಟ್ಟಾಗುವುದು ಈ ಬಿಡಿಭಾಗ, ಸಮಯ ಮತ್ತು ಕೌಶಲಗಳಿಂದಾಗಿ.

ಡಿಸ್ಕ್ ಒಪ್ಪಿಸುವ ಮುನ್ನ ಗ್ರಾಹಕರು ಕೆಲವು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಬೇಕು. ತಪಾಸಣೆಗೆ ಎಷ್ಟು ಶುಲ್ಕ? ದತ್ತಾಂಶ ಸಿಗದಿದ್ದರೆ ಏನನ್ನು ತೆರಬೇಕು? ಬಿಡಿಭಾಗದ ಖರ್ಚು ಪ್ರತ್ಯೇಕವೇ? ಡಿಸ್ಕ್ ತೆರೆಯುವ ಮೊದಲು ಅನುಮತಿ ಕೇಳುತ್ತಾರೆಯೇ? ಕೆಲಸ ಅಲ್ಲಿಯೇ ನಡೆಯುತ್ತದೆಯೇ ಅಥವಾ ಬೇರೆ ಊರಿಗೆ ಕಳುಹಿಸುತ್ತಾರೆಯೇ? ಗೋಪ್ಯತೆಯ ಒಪ್ಪಂದವಿದೆಯೇ? ಹಣ ಪಾವತಿಸುವ ಮೊದಲು ಸಿಕ್ಕಿರುವ ಕಡತಗಳ ಪಟ್ಟಿಯನ್ನು ನೋಡಿ, ಕೆಲವನ್ನು ತೆರೆದು ಪರೀಕ್ಷಿಸುವ ಹಕ್ಕನ್ನೂ ಕೇಳಿ ಪಡೆಯಬೇಕು. ನೋಡುವ ಮೊದಲೇ ನೂರಕ್ಕೆ ನೂರು ಭರವಸೆ ಕೊಡುವವರನ್ನು, ಗಿರಾಕಿಯ ಎದುರೇ ಅಂಗಡಿಯ ಮೇಜಿನ ಮೇಲೆ ಮುಚ್ಚಳ ಬಿಚ್ಚಲು ಮುಂದಾಗುವವರನ್ನು ದೂರವಿಡುವುದು ಕ್ಷೇಮ. ಮೊದಲು ಮುಟ್ಟಿದ ಕೈ ತಪ್ಪೆಸಗಿದರೆ ಎರಡನೆಯ ಕೈಗೆ ಉಳಿಯುವುದು ಅಲ್ಪ.

ಸರಿಯಾದ ಕೈಗೆ ಬಿದ್ದರೆ ಏನು ಸಾಧ್ಯ ಎಂಬುದಕ್ಕೆ ಕೊಲಂಬಿಯ ಬಾಹ್ಯಾಕಾಶ ನೌಕೆಯ ಪ್ರಕರಣವೇ ನಿದರ್ಶನ. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿದಂತೆ ಏಳು ಗಗನಯಾತ್ರಿಗಳನ್ನು ಬಲಿ ತೆಗೆದುಕೊಂಡ ಆ ದುರಂತದ ಅವಶೇಷಗಳಲ್ಲಿ ಹಾರ್ಡ್‌ಡಿಸ್ಕ್ ಒಂದು ಟೆಕ್ಸಾಸ್‌ನ ಒಣಗಿದ ಕೆರೆಯಂಗಳದಲ್ಲಿ ಸುಮಾರು ಆರು ತಿಂಗಳ ನಂತರ ದೊರೆಯಿತು. ಸುಟ್ಟು ಕರಕಲಾಗಿದ್ದ ಆ ಡಿಸ್ಕ್‌ನಿಂದ ಆನ್‌ಟ್ರ್ಯಾಕ್ ಸಂಸ್ಥೆಯ ತಂತ್ರಜ್ಞರು ಶೇಕಡ 99ರಷ್ಟು ದತ್ತಾಂಶವನ್ನು ಹೊರತೆಗೆದರು. ಕ್ಸೆನಾನ್ ಅನಿಲವನ್ನು ಕುರಿತ ಪ್ರಯೋಗದ ಫಲಿತಾಂಶ ಅದರಿಂದಾಗಿ 2008ರಲ್ಲಿ ಪ್ರಕಟವಾಯಿತು. ಅದೃಷ್ಟವಶಾತ್ ತಟ್ಟೆಯಲ್ಲಿ ದತ್ತಾಂಶವಿದ್ದ ಭಾಗಕ್ಕೆ ಹೆಚ್ಚು ಹಾನಿಯಾಗಿರಲಿಲ್ಲ. ಅದೇ ನೌಕೆಯಲ್ಲಿದ್ದ ಬೇರೆ ಡಿಸ್ಕ್‌ಗಳಿಂದ ಏನೂ ದೊರೆಯಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಕೊನೆಯ ಮಾತು: ಎರಡನೆಯ ಪ್ರತಿ

ದತ್ತಾಂಶ ಮರುಪಡೆಯುವ ಅತ್ಯಂತ ಅಗ್ಗದ ವಿಧಾನವೆಂದರೆ ಅದರ ಅಗತ್ಯವೇ ಬೀಳದಂತೆ ನೋಡಿಕೊಳ್ಳುವುದು. ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚುರಪಡಿಸಿದ ‘3-2-1’ ಸೂತ್ರ ಇದಕ್ಕೆ ಸರಳ ದಾರಿ. ಮುಖ್ಯ ದತ್ತಾಂಶದ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಮಾಧ್ಯಮಗಳಲ್ಲಿರಬೇಕು. ಒಂದು ಪ್ರತಿ ಮನೆಯಿಂದ ಹೊರಗಿರಬೇಕು. ಗಣಕದಲ್ಲೊಂದು, ಬಾಹ್ಯ ಡಿಸ್ಕ್‌ನಲ್ಲೊಂದು, ಊರಿನ ಅಣ್ಣನ ಮನೆಯಲ್ಲೋ ಅಂತರ್ಜಾಲದ ಸಂಗ್ರಹದಲ್ಲೋ ಇನ್ನೊಂದು. ಗಣಕದಲ್ಲಿ ಜಾಗವಿಲ್ಲವೆಂದು ಛಾಯಾಚಿತ್ರಗಳನ್ನೆಲ್ಲ ಬಾಹ್ಯ ಡಿಸ್ಕ್‌ಗೆ ಸಾಗಿಸಿ ಮೂಲವನ್ನು ಅಳಿಸಿದವರು ಪ್ರತಿ ಮಾಡಿಲ್ಲ, ಇರುವ ಒಂದನ್ನೇ ಸ್ಥಳಾಂತರಿಸಿದ್ದಾರೆ ಅಷ್ಟೇ. ಹಾನಿಗೊಳಗಾಗುವವರಲ್ಲಿ ಹೆಚ್ಚಿನವರು ಇವರೇ.

ಪ್ರತಿ ಇದ್ದರೆ ಸಾಲದು, ಅದು ತೆರೆಯುತ್ತದೆಯೇ ಎಂದೂ ನೋಡುತ್ತಿರಬೇಕು. 1998ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ಚಿತ್ರ ತಯಾರಾಗುತ್ತಿದ್ದಾಗ ತಪ್ಪು ಆದೇಶವೊಂದರಿಂದ ಚಿತ್ರದ ಕಡತಗಳು ಅಳಿಸತೊಡಗಿದವು. ಕಾಯ್ದಿರಿಸಿದ ಪ್ರತಿಗಳನ್ನು ತೆರೆದಾಗ ಅವು ಸರಿಯಾಗಿ ದಾಖಲಾಗಿರಲೇ ಇಲ್ಲವೆಂಬುದು ತಿಳಿಯಿತು. ಚಿತ್ರವನ್ನು ಉಳಿಸಿದ್ದು, ಬಾಣಂತನದ ಅವಧಿಯಲ್ಲಿ ಮನೆಯಿಂದಲೇ ಕೆಲಸ ಮಾಡಲೆಂದು ಗೇಲಿನ್ ಸಸ್ಮನ್ ಎಂಬ ತಂತ್ರಜ್ಞೆ ತಮ್ಮ ಮನೆಯ ಗಣಕದಲ್ಲಿ ಇರಿಸಿಕೊಂಡಿದ್ದ ಪ್ರತಿ. ದೊಡ್ಡ ಸಂಸ್ಥೆಯ ವ್ಯವಸ್ಥೆ ಕೈಕೊಟ್ಟಾಗ ಕೈಹಿಡಿದದ್ದು ಬೇರೊಂದು ಮನೆಯಲ್ಲಿದ್ದ ಆ ಒಂದು ಪ್ರತಿ.

ಹೊಸ ಡಿಸ್ಕ್ ಕೊಳ್ಳಲು ಹೊರಟವರು ಆದ್ದರಿಂದ ದೊಡ್ಡ ಸಾಮರ್ಥ್ಯದ ಒಂದರ ಬದಲು ಸಾಧಾರಣ ಸಾಮರ್ಥ್ಯದ ಎರಡನ್ನು, ಬೇರೆ ಬೇರೆ ತಯಾರಕರದ್ದನ್ನು ಕೊಳ್ಳುವುದು ವಿವೇಕ. ಒಂದು ಮನೆಯಲ್ಲಿರಲಿ, ಇನ್ನೊಂದು ಬೇರೆಡೆ ಇರಲಿ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಎರಡನ್ನೂ ಜೋಡಿಸಿ, ಹೊಸ ಕಡತಗಳನ್ನು ಸೇರಿಸಿ, ಹಳೆಯ ಕೆಲವನ್ನು ತೆರೆದು ನೋಡುವ ರೂಢಿಯಾಗಲಿ. ಆಗ ಒಂದು ಡಿಸ್ಕ್ ಮೇಜಿನಿಂದ ಜಾರಿ ಬಿದ್ದು ‘ಟಕ್ ಟಕ್’ ಎಂದರೂ ಕಳೆದುಕೊಳ್ಳುವುದು ಕೆಲವು ಸಾವಿರ ರೂಪಾಯಿಗಳನ್ನು ಮಾತ್ರ.